ಸುವಾನಿ ನದಿ ಕಾಣದವನ ಹಾಡೇ ಫ್ಲೋರಿಡಾದ ನಾಡಗೀತೆ!

ಅಮೆರಿಕದ ಬಹುತೇಕ ರಾಜ್ಯಗಳಿಗೆ ಶಾಸನಸಭೆ ಒಪ್ಪಿದ ತಮ್ಮದೇ ನಾಡಗೀತೆ ಉಂಟು. ನಿಮ್ಮ ಮಕ್ಕಳು ಫ್ಲೋರಿಡಾದಲ್ಲಿರಲಿ, ಕೆಂಟಕಿಯಲ್ಲಿರಲಿ, ಅಲ್ಲಿನ ನಾಡಗೀತೆ ಬರೆದವನು ಒಬ್ಬನೇ: ಸ್ಟೀಫನ್ ಫಾಸ್ಟರ್.

ಫಾಸ್ಟರ್ ಹುಟ್ಟಿದ್ದು 1826ರ ಜುಲೈ 4ರಂದು, ಪಿಟ್ಸ್‌ಬರ್ಗ್ ಬಳಿ. ಆಗ ಬಿಳಿಯ ಗಾಯಕರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸುವ 'ಮಿನ್‌ಸ್ಟ್ರೆಲ್' ಆಟಗಳಿಗೆ ಭಾರಿ ಬೇಡಿಕೆ. ಫಾಸ್ಟರ್ ಅವುಗಳಿಗೂ ಹಾಡು ಬರೆದ. 1851ರಲ್ಲಿ 'ಓಲ್ಡ್ ಫೋಕ್ಸ್ ಅಟ್ ಹೋಮ್' ಬರೆಯುವಾಗ ಧಾಟಿಗೆ ಒಗ್ಗುವ ನದಿಯೊಂದರ ಹೆಸರು ಬೇಕಿತ್ತು. ಭೂಪಟದಲ್ಲಿ ಸಿಕ್ಕಿದ್ದು ಫ್ಲೋರಿಡಾದ ಸುವಾನಿ. ಆ ನದಿಯನ್ನು ಆತ ಎಂದೂ ಕಂಡವನಲ್ಲ. ಹಾಡು ಅಚ್ಚಾದಾಗ ರಚನೆಕಾರನೆಂದು ಹಾಕಿದ್ದು ಇ.ಪಿ. ಕ್ರಿಸ್ಟಿ ಎಂಬ ತಂಡದ ಮಾಲೀಕನ ಹೆಸರು. 1864ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ 37ನೇ ವಯಸ್ಸಿಗೆ ಸತ್ತಾಗ ಫಾಸ್ಟರನ ಪರ್ಸಿನಲ್ಲಿದ್ದದ್ದು 38 ಸೆಂಟ್.

ಮುಂದೆ ಕೆಂಟಕಿ 1928ರಲ್ಲಿ 'ಮೈ ಓಲ್ಡ್ ಕೆಂಟಕಿ ಹೋಮ್' ಹಾಡನ್ನೂ, ಫ್ಲೋರಿಡಾ 1935ರಲ್ಲಿ ಸುವಾನಿಯ ಹಾಡನ್ನೂ ನಾಡಗೀತೆ ಮಾಡಿಕೊಂಡವು. ಎರಡರಲ್ಲೂ ಗುಲಾಮರನ್ನು ಹೀನಾಯವಾಗಿ ಕರೆಯುವ ಪದಗಳಿದ್ದವು. 1986ರಲ್ಲಿ ಕೆಂಟಕಿ ಶಾಸನಸಭೆಗೆ ಬಂದ ಜಪಾನಿನ ಯುವಕರ ತಂಡವೊಂದು ಗೌರವದಿಂದಲೇ ಮೂಲ ಹಾಡನ್ನು ಹಾಡಿತು. ಅದನ್ನು ಕೇಳಿ ನೊಂದ ಕಪ್ಪುವರ್ಣೀಯ ಶಾಸಕ ಕಾರ್ಲ್ ಹೈನ್ಸ್ ನಿರ್ಣಯ ಮಂಡಿಸಿದರು. ಆ ಪದ ಹೋಗಿ 'ಪೀಪಲ್' ಬಂತು.

ಫ್ಲೋರಿಡಾದಲ್ಲಿ 2007ರಲ್ಲಿ ಗವರ್ನರ್ ಚಾರ್ಲಿ ಕ್ರಿಸ್ಟ್ ತಮ್ಮ ಪ್ರಮಾಣವಚನ ಸಮಾರಂಭದಲ್ಲಿ ನಾಡಗೀತೆಯನ್ನೇ ಹಾಡಿಸಲಿಲ್ಲ. ಸ್ಪರ್ಧೆ ನಡೆದು ಹೊಸ ಹಾಡು ಗೆದ್ದಿತು. ಆದರೆ ಹಳೆಯದನ್ನು ಬಿಡಲು ಒಪ್ಪದವರೂ ಇದ್ದರು. ಕೊನೆಗೆ 2008ರಲ್ಲಿ ಪದ ತಿದ್ದಿದ ಹಳೆಯ ಹಾಡು ನಾಡಗೀತೆಯಾಗಿಯೇ ಉಳಿಯಿತು, ಹೊಸದಕ್ಕೆ 'ಸ್ಟೇಟ್ ಆಂಥೆಮ್' ಪಟ್ಟ ಸಿಕ್ಕಿತು. ವರ್ಜೀನಿಯಾ ಮಾತ್ರ ಜೇಮ್ಸ್ ಬ್ಲಾಂಡ್ ಎಂಬ ಕಪ್ಪುವರ್ಣೀಯ ರಚನೆಕಾರನ ಇಂಥದ್ದೇ ಹಾಡನ್ನು 1997ರಲ್ಲಿ ಗೌರವದಿಂದ ನಿವೃತ್ತಿಗೊಳಿಸಿತು.

ಪದ ಬದಲಿಸಿದರೆ ಕಥೆ ಬದಲಾಗುತ್ತದೆಯೇ? ಕೆಂಟಕಿಯ ಹಾಡಿಗೆ ಪ್ರೇರಣೆ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿ. ಮನೆಯವರನ್ನು ಬಿಟ್ಟು ದಕ್ಷಿಣದ ಕಬ್ಬಿನ ಗದ್ದೆಗೆ ಮಾರಾಟವಾಗಿ ಹೋಗುವ ಗುಲಾಮನ ವಿದಾಯ ಅದರಲ್ಲಿದೆ. ಪ್ರತಿ ಮೇ ತಿಂಗಳು ಲೂಯಿವಿಲ್‌ನ ಕೆಂಟಕಿ ಡರ್ಬಿ ಕುದುರೆ ಓಟಕ್ಕೆ ಮೊದಲು ಸಾವಿರಾರು ಜನ ಎದ್ದುನಿಂತು ಹಾಡುವುದು ಮೊದಲ ಚರಣ ಮತ್ತು ಪಲ್ಲವಿಯನ್ನು. ಮಾರಾಟದ ಮಾತು ಬರುವುದು ಮುಂದಿನ ಚರಣಗಳಲ್ಲಿ. ಹೀಗಾಗಿ ಕೇಳುವವರಿಗೆ ಅದು ಬರೀ ತವರಿನ ನೆನಪಿನ ಹಾಡು.

ಊರು ಬಿಟ್ಟವರ ಹಂಬಲ ನಮಗೆ ಹೊಸದಲ್ಲ. ಆದರೆ ನಮ್ಮ ಮಕ್ಕಳು ಹೋದದ್ದು ವೀಸಾ ಪಡೆದು, ತಮ್ಮ ಇಷ್ಟದಿಂದ; ರಜೆ ಸಿಕ್ಕರೆ ಬಂದು ಹೋಗುತ್ತಾರೆ. ಹಾಡಿನಲ್ಲಿರುವವನಿಗೆ ವಾಪಸು ದಾರಿಯೇ ಇರಲಿಲ್ಲ. ಮೊಮ್ಮಗಳು ವಿಡಿಯೊ ಕಾಲ್‌ನಲ್ಲಿ ಈ ಹಾಡು ಹಾಡಿದರೆ ಚಪ್ಪಾಳೆ ತಟ್ಟಿ. ಆಮೇಲೆ, 'ಉಳಿದ ಎರಡು ಚರಣದಲ್ಲಿ ಏನಿದೆ ಪುಟ್ಟಿ?' ಎಂದೂ ಕೇಳಿ.