34 ಇಂಚಿನ ಲೆಕ್ಕ

ಇವತ್ತು ನಾವು ಕೇಳುವ ಬೇಸ್ ಗಿಟಾರ್‌ಗೆ ರೂಪ ಕೊಟ್ಟ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಲಿಯೋ ಫೆಂಡರ್ ಕಾಲೇಜಿನಲ್ಲಿ ಓದಿದ್ದು ಅಕೌಂಟ್ಸ್, ಹೊಟ್ಟೆಪಾಡಿಗೆ ಹಿಡಿದದ್ದು ರೇಡಿಯೊ ರಿಪೇರಿ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1938ರಲ್ಲಿ ಅಂಗಡಿ ಹಾಕಿದ. ಊರಿನ ವಾದ್ಯಗಾರರು ಕೆಟ್ಟುಹೋದ ಆಂಪ್ಲಿಫೈಯರ್‌ಗಳನ್ನು ಹೊತ್ತು ತರುತ್ತಿದ್ದರು. ಅವನ್ನು ಬಿಚ್ಚಿ ನೋಡುತ್ತ, ಅವರ ದೂರುಗಳಿಗೆ ಕಿವಿಗೊಡುತ್ತ, ವಾದ್ಯ ಹೇಗಿದ್ದರೆ ಬಾಳಿಕೆ ಬರುತ್ತದೆ ಎಂಬುದನ್ನು ಅವನು ಕಲಿತ. 1951ರಲ್ಲಿ ಹೊರಬಂದ ಪ್ರಿಸಿಷನ್ ಬೇಸ್‌ನ ಒಂದೊಂದು ಸ್ಕ್ರೂನಲ್ಲೂ ಆ ರಿಪೇರಿಯವನ ಕಣ್ಣು ಕಾಣುತ್ತದೆ. ಎಪ್ಪತ್ತು ವರ್ಷ ದಾಟಿದ ಮೇಲೂ ಅಂಥದ್ದೊಂದನ್ನು ಮನೆಯ ಹಿತ್ತಲಲ್ಲಿ ಕೂತು ಮಾಡಿಕೊಳ್ಳಬಹುದಾಗಿದ್ದರೆ, ಅದು ಆ ಕಣ್ಣಿನ ಕೃಪೆ.

ಅದಕ್ಕೆ ಮುಂಚೆ ಬೇಸ್ ಎಂದರೆ ಆಳೆತ್ತರದ ಡಬಲ್ ಬೇಸ್. ಕಾರಿನಲ್ಲಿ ಹಿಡಿಯದು, ಡ್ರಮ್ಮು ತುತ್ತೂರಿಗಳ ನಡುವೆ ಕೇಳಿಸದು. ವೀಣೆಯ ಮೆಟ್ಟಿಲಿನಂಥ ಫ್ರೆಟ್ ಇಲ್ಲದ ಕಾರಣ ಸ್ವರ ಸರಿಯಾಗಿ ಕೂರಿಸಲು ವರ್ಷಗಟ್ಟಲೆ ಸಾಧನೆ ಬೇಕು. ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಆಡಿಯೊವಾಕ್ಸ್ 736 ಎಂಬ ಫ್ರೆಟ್ ಇರುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದ, ಅದು ಹೆಚ್ಚು ದೂರ ಹೋಗಲಿಲ್ಲ. ಫೆಂಡರ್‌ನದು ಹೋಯಿತು. ಲಯನೆಲ್ ಹ್ಯಾಂಪ್ಟನ್ ಅವರ ಜಾಝ್ ತಂಡದ ಮಾಂಕ್ ಮಾಂಟ್‌ಗಮರಿ ಅದನ್ನು ಊರೂರಿಗೆ ಒಯ್ದರು. ಅದರ ಜೊತೆಗೆಂದೇ 1952ರಲ್ಲಿ ಬಾಸ್‌ಮನ್ ಆಂಪ್ಲಿಫೈಯರ್ ಬಂತು. ತಂತಿಯ ಉದ್ದಕ್ಕೆ ಫೆಂಡರ್ ಇಟ್ಟ ಅಳತೆ 34 ಇಂಚು. ತನ್ನದೇ ಗಿಟಾರ್‌ನ ಇಪ್ಪತ್ತೈದೂವರೆ ಇಂಚಿಗೂ ಡಬಲ್ ಬೇಸ್‌ನ ಸುಮಾರು 42 ಇಂಚಿಗೂ ನಡುವಿನ ಅಳತೆ ಅದು. ಬೆರಳಿಗೆ ಎಟುಕುವಷ್ಟು ಗಿಡ್ಡ, ಮಂದ್ರದ ಇ ತಂತಿ ಸಡಿಲಾಗಿ ತೊನೆಯದಷ್ಟು ಉದ್ದ. ಇವತ್ತಿಗೂ ಜಗತ್ತಿನ ಬಹುಪಾಲು ಬೇಸ್‌ಗಳು ಅದೇ ಅಳತೆಯಲ್ಲಿ ತಯಾರಾಗುತ್ತವೆ.

ಪಿಟೀಲು, ವೀಣೆಗಳನ್ನು ಮಾಡುವವರ ಕೈಚಳಕ ಮನೆತನಗಳಲ್ಲಿ ಇಳಿದುಬಂದದ್ದು. ಪ್ರಿಸಿಷನ್ ಬೇಸ್ ಹಾಗಲ್ಲ, ಅದು ಮರಗೆಲಸದ ಕೂಸು. ಒಂದೂಮುಕ್ಕಾಲು ಇಂಚು ದಪ್ಪದ ಗಟ್ಟಿ ಹಲಗೆಯೇ ಮೈ, ಟೊಳ್ಳು ಇಲ್ಲ. ದಂಡಿಗೆ ಅಂಟು ಹಾಕಿಲ್ಲ, ಹಿಂದಿನಿಂದ ನಾಲ್ಕು ಸ್ಕ್ರೂ ಬಿಗಿದಿದೆ. ದಂಡಿ ಸೊಟ್ಟಾಯಿತೋ, ಬಿಚ್ಚಿ ಬೇರೆಯದನ್ನು ಹಾಕು ಎಂಬ ಲೆಕ್ಕ. 1957ರಲ್ಲಿ ಇದರ ತಂತಿಯ ಕಂಪನ ಹಿಡಿಯುವ ಪಿಕಪ್ಪು, ತಲೆಯ ಆಕಾರ ಎಲ್ಲ ಬದಲಾದವು. 1960ರಲ್ಲಿ ಸೊಂಟ ಓರೆಯಾದ, ದಂಡಿ ಸಪೂರವಾದ ಜಾಝ್ ಬೇಸ್ ಬಂತು. ಮನೆಯಲ್ಲಿ ಮಾಡುವವರಲ್ಲಿ ಹೆಚ್ಚಿನವರು ಆ ಅರವತ್ತರ ದಶಕದ ಚೆಲುವಿಗೆ ಮನಸೋಲುತ್ತಾರೆ. ನನ್ನ ಮತ ಮೊದಲ 1951ರ ಮಾದರಿಗೇ. ಅದರಲ್ಲಿ ಒಂದು ಪಿಕಪ್, ಎರಡು ಗುಂಡಿ, ಕಪ್ಪು ಫಲಕ, ಇಪ್ಪತ್ತು ಫ್ರೆಟ್ ಬಿಟ್ಟರೆ ಬೇರೇನೂ ಇಲ್ಲ. ಮುಚ್ಚಿಟ್ಟುಕೊಳ್ಳಲು ಜಾಗವಿಲ್ಲದ ವಾದ್ಯವಾದ್ದರಿಂದ ಮಾಡುವವನ ಕೆಲಸ ಅಲ್ಲಿ ನೇರವಾಗಿ ಕಾಣುತ್ತದೆ.

ಮರದ ವಿಚಾರ ಮೊದಲು. ಮೂಲದಲ್ಲಿ ಮೈಗೆ ಆ್ಯಶ್, ದಂಡಿಗೆ ಮೇಪಲ್. ಆ್ಯಶ್‌ಗೆ ಈಗ ಅಮೆರಿಕದಲ್ಲೇ ಕಷ್ಟಕಾಲ. 2002ರಲ್ಲಿ ಮಿಷಿಗನ್‌ನಲ್ಲಿ ಕಾಣಿಸಿಕೊಂಡ ಹಸಿರು ಬಣ್ಣದ ಕೊರೆಯುವ ಜೀರುಂಡೆ ಕೋಟಿಗಟ್ಟಲೆ ಮರಗಳನ್ನು ಒಣಗಿಸಿತು. 2020ರಲ್ಲಿ ಫೆಂಡರ್ ಕಂಪನಿಯೇ ತನ್ನ ಬಹುತೇಕ ಮಾಮೂಲಿ ಮಾದರಿಗಳಿಂದ ಆ ಮರವನ್ನು ಕೈಬಿಡುವುದಾಗಿ ಹೇಳಿತು. ಕಂಪನಿಗೇ ಸಿಗದ ಮರಕ್ಕಾಗಿ ನಮ್ಮ ಸಾಮಿಲ್‌ಗಳಲ್ಲಿ ಅಲೆಯುವುದು ಬೇಡ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಇದೆ. ಹಗುರ, ಕೊರೆಯಲು ಸಲೀಸು, ಸೀಳಿದ ಮುಖದಲ್ಲಿ ಜರಿಯ ಹಾಗೆ ಮಿನುಗುವ ಎಳೆ. ಮಹಾಗನಿಯೂ ಆದೀತು. ಸಾಗುವಾನಿ ಬಾಳಿಕೆಗೆ ಒಳ್ಳೆಯದು, ಆದರೆ ಭಾರ, ಎರಡು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತರೆ ಗೊತ್ತಾಗುತ್ತದೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು, ಕೊರೆದು ಮುಗಿಸಿದ ಮೈ ಎರಡು, ಎರಡೂವರೆ ಕಿಲೊ ಮೀರದಿದ್ದರೆ ಚೆಂದ. ದಂಡಿಗೆ ಮಾತ್ರ ರಾಜಿ ಇಲ್ಲ. ಗಟ್ಟಿ ಮೇಪಲ್, ಎಳೆ ನೆಟ್ಟಗಿರುವುದು, ಆಮದಾದದ್ದಾದರೂ ಸರಿ.

ಮೇಪಲ್ ಮೇಲೆಯೇ ಫ್ರೆಟ್ ಹೊಡೆಯುವ ಪದ್ಧತಿ 1959ರವರೆಗೆ ನಡೆಯಿತು. ಬೆರಳು ಓಡಿಸುವ ಪಟ್ಟಿಗೆ ರೋಸ್‌ವುಡ್ ಬಂದದ್ದು ಆಮೇಲೆ. ಮೊದಲು ಬ್ರೆಜಿಲ್‌ನದು, ಅರವತ್ತರ ದಶಕದ ನಡುವಿನಿಂದ ಭಾರತದ್ದು. ಭಾರತದ ರೋಸ್‌ವುಡ್ ಎಂದರೆ ನಮ್ಮ ಘಟ್ಟದ ಕಾಡುಗಳ ಬೀಟೆ. ಮೈಸೂರಿನ ಕುಶಲಕರ್ಮಿಗಳು ಚಿತ್ರಗಳನ್ನು ಕೂರಿಸುವುದೂ ಅದರ ಮೇಲೆಯೇ. ಅವರ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅರವತ್ತರ ದಶಕದ ಮಾದರಿಯನ್ನೇ ಮಾಡುತ್ತೇನೆ ಎನ್ನುವವರು ರಸೀದಿ ಇರುವ ಬೀಟೆಯನ್ನೇ ಕೊಳ್ಳಬೇಕು. ಒಂದು ಪಟ್ಟಿಗೆ ಬೇಕಾದದ್ದು ಒಂದು ಗೇಣು ಅಗಲವೂ ಇಲ್ಲದ ತುಂಡು, ಅದಕ್ಕಾಗಿ ಕಾಡಿನ ಕಳ್ಳ ಮಾಲಿಗೆ ಕೈಚಾಚುವ ಅಗತ್ಯ ಯಾರಿಗೂ ಇಲ್ಲ.

ಈಗ ಫ್ರೆಟ್. ನಾಲ್ಕು ತಂತಿಯ ಈ ವಾದ್ಯದ ಜೀವ ಇರುವುದು ಇಲ್ಲಿ. 34 ಇಂಚೆಂದರೆ 863.6 ಮಿ.ಮೀ. ಅದನ್ನು 17.817ರಿಂದ ಭಾಗಿಸಿದರೆ 48.47, ಅದು ದಂಡಿಯ ತಲೆಯ ಬಳಿ ತಂತಿಗಳು ಕೂರುವ ನಟ್‌ನಿಂದ ಮೊದಲ ಫ್ರೆಟ್‌ಗೆ ಇರಬೇಕಾದ ದೂರ. ಉಳಿದ 815.13ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 45.75, ಎರಡನೆಯ ಫ್ರೆಟ್ ನಟ್‌ನಿಂದ 94.22ಕ್ಕೆ ಕೂತಿತು. ಹೀಗೇ ಇಳಿಯುತ್ತ ಹೋದರೆ ಹನ್ನೆರಡನೆಯದು 431.8ಕ್ಕೆ, ತಂತಿಯ ಸರಿಯಾದ ನಡುವಿಗೆ ಬರುತ್ತದೆ. ಇಪ್ಪತ್ತನೆಯದು 591.6ಕ್ಕೆ. ಅಷ್ಟರಲ್ಲಿ ಎರಡು ಫ್ರೆಟ್‌ಗಳ ನಡುವಿನ ಜಾಗ 16 ಮಿ.ಮೀ.ಗೆ ಕುಗ್ಗಿರುತ್ತದೆ. ಒಂದು ಸಪ್ತಕವನ್ನು ಹನ್ನೆರಡು ಸಮ ಮೆಟ್ಟಿಲುಗಳಾಗಿ ಒಡೆಯುವ ಲೆಕ್ಕದಿಂದ ಬಂದ ಸಂಖ್ಯೆ ಈ 17.817. ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಬೇಕು. ಹಿಂದಿನ ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ಕೂದಲೆಳೆಯಷ್ಟು ತಪ್ಪುಗಳೂ ಕೂಡಿಕೊಂಡು, ಹದಿನೈದನೆಯ ಫ್ರೆಟ್ ಹೊತ್ತಿಗೆ ಕಿವಿಗೆ ಬೀಳುವಷ್ಟಾಗುತ್ತವೆ.

ವೀಣೆಗೆ ಮೇಳ ಕಟ್ಟುವುದನ್ನು ನೋಡಿದವರಿಗೆ ಇದರ ಕಠಿಣತೆ ಬೇಗ ಅರ್ಥವಾದೀತು. ಅಲ್ಲಿ ಮೆಟ್ಟಿಲುಗಳು ಕೂರುವುದು ಮೇಣದಲ್ಲಿ. ಕಟ್ಟುವವರು ತಂತಿ ಮೀಟಿ, ಕಿವಿಗೊಟ್ಟು, ಮೆಟ್ಟಿಲನ್ನು ಅತ್ತ ಇತ್ತ ಸರಿಸಿ ನಿಲ್ಲಿಸುತ್ತಾರೆ. ವರ್ಷಗಳ ನಂತರ ಸ್ವರ ಜಾರಿದರೆ ಮೇಣ ತೆಗೆದು ಮತ್ತೆ ಕಟ್ಟಬಹುದು. ಬೇಸ್‌ನಲ್ಲಿ ಅರ್ಧ ಮಿ.ಮೀ.ಗಿಂತ ಕೊಂಚವೇ ಅಗಲದ ಸೀಳನ್ನು ಗರಗಸದಿಂದ ಹಾಕಿ, ಫ್ರೆಟ್ ತಂತಿಯ ಹಲ್ಲುಳ್ಳ ಬುಡವನ್ನು ಅದರೊಳಗೆ ಬಡಿದು ಕೂರಿಸಬೇಕು. ಕೂತದ್ದು ಕೂತಂತೆ. ಮೂಲ ಮಾದರಿಯಲ್ಲಿ ಪಟ್ಟಿಯ ಮುಖ ಏಳೂಕಾಲು ಇಂಚು ತ್ರಿಜ್ಯದ ವೃತ್ತದ ತುಣುಕಿನಂತೆ ಉಬ್ಬಿರುತ್ತದೆ. ಫ್ರೆಟ್ ತಂತಿಯನ್ನು ಅದಕ್ಕಿಂತ ತುಸು ಹೆಚ್ಚು ಬಾಗಿಸಿಕೊಂಡು ಮೊದಲು ಎರಡು ತುದಿ ಹೊಡೆದು ಆಮೇಲೆ ನಡುವನ್ನು ಹೊಡೆದರೆ, ತುದಿಗಳು ಮೇಲೇಳದೆ ಮರವನ್ನು ಕಚ್ಚಿ ನಿಲ್ಲುತ್ತವೆ. ಸುತ್ತಿಗೆಯ ಸದ್ದೇ ಹೇಳುತ್ತದೆ: ಕೂರದಿದ್ದಾಗ ಟೊಳ್ಳಾಗಿ ಕೇಳಿಸಿದ್ದು, ಪೂರ್ತಿ ಕೂತ ಕ್ಷಣ ಗಟ್ಟಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಶಾಯಿ ಬಳಿದು ಸಮತಟ್ಟಾದ ಉದ್ದನೆಯ ಅರ ಆಡಿಸಬೇಕು. ಶಾಯಿ ಹೋದದ್ದು ಎತ್ತರ, ಉಳಿದದ್ದು ತಗ್ಗು. ಇಪ್ಪತ್ತರ ನೆತ್ತಿಯಲ್ಲೂ ಶಾಯಿ ಅಳಿಸುವವರೆಗೆ ತಾಳ್ಮೆ ಬೇಕು.

ದಂಡಿಯ ಒಳಗೆ ಒಂದು ಉಕ್ಕಿನ ಸರಳಿದೆ. ನಾಲ್ಕು ತಂತಿಗಳೂ ಸೇರಿ ಎಪ್ಪತ್ತು, ಎಂಬತ್ತು ಕಿಲೊ ಬಲದಲ್ಲಿ ದಂಡಿಯನ್ನು ಮುಂದಕ್ಕೆ ಎಳೆಯುತ್ತಿರುವಾಗ ಹಿಂದಕ್ಕೆ ಹಿಡಿಯುವುದು ಅದರ ಕೆಲಸ. 1951ರ ದಂಡಿ ಒಂದೇ ಮೇಪಲ್ ತುಂಡಿನದಾದ್ದರಿಂದ ಸರಳಿಗೆ ಹಿಂಬದಿಯಿಂದ ಬಾಗಿದ ಕಾಲುವೆ ಕೊರೆದು, ಮೇಲೆ ಕಡುಕಂದು ವಾಲ್ನಟ್ ಪಟ್ಟಿ ಕೂರಿಸಿ ಮುಚ್ಚುತ್ತಿದ್ದರು. ಮನೆಯಲ್ಲಿ ಅತಿ ಕಷ್ಟದ ಕೊರೆತ ಇದೇ. ರೂಟರನ್ನು ಬಾಗಿದ ಹಳಿಯ ಮೇಲೆ ಓಡಿಸುವ ಜಿಗ್ ಮೊದಲು ಮಾಡಿಕೊಳ್ಳಬೇಕು. ಇದು ಹೆಚ್ಚಾಯಿತು ಎನಿಸಿದರೆ ಸಿದ್ಧ ದಂಡಿ ಕೊಂಡು ಮೈಯನ್ನು ಮಾತ್ರ ಮಾಡಿಕೊಂಡರೂ ಅದು ನಿಮ್ಮದೇ ವಾದ್ಯ, ಬೇರೆ ಬೇರೆಯಾಗಿ ಮಾಡಿ ಜೋಡಿಸುವುದೇ ಇದರ ಮೂಲ ವಿಚಾರವಲ್ಲವೇ? ಸರಳನ್ನು ತಿರುಗಿಸುವ ತುದಿ ಮೈಯ ಕಡೆಗಿದೆ. ಮಳೆಗಾಲದಲ್ಲಿ ಮರ ಉಬ್ಬಿ ದಂಡಿ ಕದಲಿದಾಗ ತಂತಿ ಸಡಿಲಿಸಿ ದಂಡಿ ಬಿಚ್ಚಿ ಕಾಲು ಸುತ್ತು ತಿರುಗಿಸಿ ಮತ್ತೆ ಬಿಗಿಯಬೇಕು. ಹೊಸ ಕಾಲದ ವಾದ್ಯಗಳಲ್ಲಿ ಈ ತಾಪತ್ರಯ ಕಡಿಮೆ, ಆದರೆ ಹಳೆಯದರ ನಕಲು ಮಾಡುವವರು ಇದನ್ನು ಬಿಡಬಾರದು ಎಂದೇ ನನ್ನ ಅನಿಸಿಕೆ.

ಮೈ ಕೊರೆಯುವುದು ಅದಕ್ಕೆ ಹೋಲಿಸಿದರೆ ಹಗುರದ ಕೆಲಸ. ದಂಡಿಯ ಬುಡ ಕೂರುವ ಗುಳಿ ಬಿಗಿಯಾಗಿರಬೇಕು. ಸ್ಕ್ರೂ ಹಾಕದೆಯೇ ದಂಡಿ ಹಿಡಿದು ಎತ್ತಿದರೆ ಮೈ ಜೊತೆಗೇ ಮೇಲೆ ಬಂದರೆ ಗೆದ್ದಂತೆ. ಮೈಯ ಮೇಲೆ ತಂತಿಗಳು ಕೂರುವ ಕುದುರೆಗೆ ತೂತು ಹಾಕುವುದನ್ನು ಕಡೆಗಿಡಿ. ದಂಡಿಯನ್ನು ಕೂರಿಸಿ, ನಟ್‌ನ ಎರಡು ಹೊರ ಗೀಚುಗಳಿಂದ ಎರಡು ನೂಲು ಎಳೆದು ಹಿಡಿದು, ಅವು ದಂಡಿಯ ಎರಡೂ ಅಂಚಿನಿಂದ ಸಮ ದೂರದಲ್ಲಿ ಹಾಯುತ್ತಿವೆಯೇ ನೋಡಿ, ಆಮೇಲೆ ಕುದುರೆಯ ಜಾಗ ಗುರುತಿಸಿ. ನಮ್ಮ ಬಡಗಿಗಳು ಬಾಗಿಲ ಚೌಕಟ್ಟಿಗೆ ನೂಲು ಹಿಡಿಯುವುದೂ ಹೀಗೆಯೇ. 1951ರ ಮಾದರಿಯಲ್ಲಿ ತಂತಿಗಳು ಹಿಂಬದಿಯಿಂದ ಮೈಯನ್ನು ತೂರಿ ಬರುತ್ತವೆ. ಆ ನಾಲ್ಕು ತೂತುಗಳು ಹಿಂದೆ ಒಂದೇ ಸಾಲಿನಲ್ಲಿ ನಿಲ್ಲಬೇಕಾದರೆ ಕೈ ಡ್ರಿಲ್ ಸಾಲದು, ಡ್ರಿಲ್ ಪ್ರೆಸ್ ಇರುವ ವರ್ಕ್‌ಶಾಪ್‌ಗೆ ಹೋಗಿ ಹಾಕಿಸಿಕೊಳ್ಳುವುದು ಮೇಲು.

ಬಣ್ಣದ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಹಳೆಯ ಗಿಟಾರ್‌ಗಳ ಅಭಿಮಾನಿಗಳು ದುಬಾರಿ ಬೆಲೆ ಕೊಟ್ಟು ಹುಡುಕುವ ನೈಟ್ರೊಸೆಲ್ಯುಲೋಸ್ ಲ್ಯಾಕರ್ ನಮ್ಮ ಪೀಠೋಪಕರಣದ ಪಾಲಿಷ್‌ನವರು ದಿನಾ ಹೊಡೆಯುವ ಎನ್‌ಸಿ ಲ್ಯಾಕರ್‌ನ ಜಾತಿಯದೇ. ಹಳದಿ ಕಂದು ಬೆರೆಸಿದ ತೆಳು ಪದರಗಳಲ್ಲಿ ಎಳೆ ಕಾಣುವಂತೆ ಹೊಡೆದರೆ ಆ ಕಾಲದ ಬೆಣ್ಣೆಬಣ್ಣ ಬರುತ್ತದೆ. ವಯಸ್ಸಾದಂತೆ ಲ್ಯಾಕರ್ ತಾನಾಗಿಯೇ ಇನ್ನಷ್ಟು ಹಳದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ಮಾತ್ರ ಹೊಡೆಯಬೇಡಿ, ಗಾಳಿಯ ತೇವ ಸೇರಿ ಪದರ ಬೆಳ್ಳಗಾಗುತ್ತದೆ. ಇದು ಬೇಗ ಹೊತ್ತಿಕೊಳ್ಳುವ ವಸ್ತು. ಅಡುಗೆಮನೆಯ ಹತ್ತಿರ ಸುಳಿಯದೆ, ಗಾಳಿಯಾಡುವ ಜಾಗದಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡುವ ಕೆಲಸ.

ವಿದ್ಯುತ್ ಭಾಗ ಸರಳ. ನಾಲ್ಕು ಅಯಸ್ಕಾಂತದ ಕಡ್ಡಿಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದರೆ ಪಿಕಪ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಪಾಸಿಟರ್, ವೈರು, ಬೆಸುಗೆಯ ಸಾಮಾನು ಸಿಗುತ್ತವೆ. ಒಂದೇ ಸುರುಳಿಯ ಈ ಪಿಕಪ್‌ಗೆ ಮನೆಯ ಕರೆಂಟಿನ ಗುಂಯ್‌ಗುಡುವಿಕೆಯೂ ಕೇಳಿಸುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಇ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಹಾಗಾಗಿ ನಮ್ಮ ಊರಿನ ಗುಂಯ್‌ಕಾರ ಬೇಸ್‌ನ ಒಂದು ಸ್ವರಕ್ಕೇ ಅಂಟಿಕೊಂಡಂತೆ ಇರುತ್ತದೆ, ಆ ಸ್ವರ ಹಿಡಿದಾಗ ಎರಡೂ ಒಂದಕ್ಕೊಂದು ತಾಗಿ ಅಲೆಯಾಡುತ್ತವೆ. ಗುಳಿಗಳ ಒಳಗೋಡೆಗೆ ತಾಮ್ರದ ಹಾಳೆ ಹಚ್ಚಿ, ಅದನ್ನೂ ಕುದುರೆಯನ್ನೂ ಅರ್ತ್‌ಗೆ ಬೆಸೆದರೆ ಬಹಳಷ್ಟು ತಗ್ಗುತ್ತದೆ, ಪೂರ್ತಿ ಹೋಗದು. ಫೆಂಡರ್ 1957ರಲ್ಲಿ ಪಿಕಪ್ಪನ್ನು ಎರಡು ಹೋಳು ಮಾಡಿ, ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ಒಂದಕ್ಕೊಂದು ತಿರುವು ಮಾಡಿ ಗುಂಯ್‌ಕಾರವನ್ನು ಅಳಿಸಿದ.

ನಕಲು ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಇದೆ. ಈ ಗಿಟಾರ್‌ಗಳ ಮೈಯ ಆಕಾರಕ್ಕೆ ಟ್ರೇಡ್‌ಮಾರ್ಕ್ ಕೊಡಲು ಅಮೆರಿಕದ ಮಂಡಳಿ 2009ರಲ್ಲಿ ಒಪ್ಪಲಿಲ್ಲ. ತಲೆಯ ಆಕಾರ ಮತ್ತು ಹೆಸರು ಮಾತ್ರ ಕಂಪನಿಯ ಸ್ವತ್ತು. ಆದ್ದರಿಂದ ತಲೆಯನ್ನು ನಿಮ್ಮದೇ ಆಕಾರದಲ್ಲಿ ಕೊರೆಯಿರಿ, ಹಳೆಯ ಹೆಸರಿನ ಸ್ಟಿಕ್ಕರ್ ಅಂಟಿಸಬೇಡಿ. ಇವತ್ತು ಮನೆಯ ಗೋಡೆಗೆಂದು ಮಾಡಿದ್ದು ನಾಳೆ ಯಾರದೋ ಕೈಗೆ ಅಸಲಿ ಎಂದು ಮಾರಾಟವಾಗುತ್ತದೆ. ಹೊಸ ವಾದ್ಯಕ್ಕೆ ಉಪ್ಪುಕಾಗದ ತಿಕ್ಕಿ, ಬೀಗದ ಕೈ ಗೊಂಚಲು ಬಡಿದು ಮುಪ್ಪು ಬರಿಸುವ ರೂಢಿಯೂ ಇದೆ, ನನಗದು ಹಿಡಿಸುವುದಿಲ್ಲ. ಬೇಸ್ ವಾದಕ ಜಾಕೊ ಪ್ಯಾಸ್ಟೋರಿಯಸ್ ತನ್ನ 1962ರ ಜಾಝ್ ಬೇಸ್‌ನ ಫ್ರೆಟ್‌ಗಳನ್ನು ಕಿತ್ತು, ಸೀಳುಗಳಿಗೆ ಮರದ ಪುಟ್ಟಿ ತುಂಬಿ, ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡ. ಅದರ ಗುರುತುಗಳೆಲ್ಲ ಅವನ ದುಡಿಮೆಯವು. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್ ಸವೆದದ್ದೂ ಹಾಗೆ, ನುಡಿಸಿ ನುಡಿಸಿ.

ತಂತಿ ಹಾಕುವಾಗ ಜೇಮರ್ಸನ್ ದಾರಿ ಹಿಡಿಯುವುದು ಒಳ್ಳೆಯದು: ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ, ಕುದುರೆಯ ಹತ್ತಿರ ಒಂದು ಸ್ಪಂಜಿನ ತುಂಡು. ಸ್ವರ ದಪ್ಪಗೆ ಹುಟ್ಟಿ ಚಿಕ್ಕದಾಗಿ ನಿಲ್ಲುತ್ತದೆ. ಆಮೇಲೆ ಕುದುರೆಯ ಹೊಂದಾಣಿಕೆ. ಹನ್ನೆರಡನೆಯ ಫ್ರೆಟ್ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ಕೇಳಿ, ಅದೇ ಫ್ರೆಟ್ ಒತ್ತಿ ಮತ್ತೆ ಕೇಳಿ. ಒತ್ತಿದ ಸ್ವರ ಏರಿದ್ದರೆ ಕುದುರೆಯಲ್ಲಿ ತಂತಿ ಕೂರುವ ಮೆಟ್ಟನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ತೊಡಕೆಂದರೆ 1951ರ ಕುದುರೆಯಲ್ಲಿ ಮೆಟ್ಟುಗಳು ಎರಡೇ, ಒಂದೊಂದರ ಮೇಲೆ ಎರಡೆರಡು ತಂತಿ. ಇ ಸರಿಯಾದರೆ ಎ ತುಸು ತಪ್ಪುತ್ತದೆ, ಎ ಸರಿಯಾದರೆ ಇ. ಮುಂದೆ ನಾಲ್ಕು ತಂತಿಗೆ ನಾಲ್ಕು ಮೆಟ್ಟು ಬಂದದ್ದು ಇದೇ ಕಾರಣಕ್ಕೆ. ಹಳೆಯದನ್ನೇ ಇಟ್ಟುಕೊಳ್ಳುವುದಾದರೆ ಎ ಮತ್ತು ಡಿ ತಂತಿಗಳನ್ನು ಕರಾರುವಾಕ್ಕಾಗಿ ಹೊಂದಿಸಿ. ಕೈ ದಂಡಿಯ ಮೇಲಕ್ಕೆ ಏರಿದಾಗ ಅವುಗಳ ಬಳಕೆ ಇ ತಂತಿಗಿಂತ ಹೆಚ್ಚು. ಇ ತಂತಿಯನ್ನು ಐದನೆಯ ಫ್ರೆಟ್ ದಾಟಿ ಒತ್ತುವ ಪ್ರಸಂಗ ಹಳೆಯ ಶೈಲಿಯ ಬೇಸ್ ವಾದನದಲ್ಲಿ ಅಪರೂಪ, ಅಲ್ಲಿಯವರೆಗೆ ಅದರ ತಪ್ಪು ಕಿವಿಗೆ ಬೀಳುವುದಿಲ್ಲ.