ಚಿಗರಿಯ ಪರೀಕ್ಷೆ

ಗುಬ್ರಾದ ನಮ್ಮ ಕಟ್ಟಡದಲ್ಲಿ ಲಿಫ್ಟ್ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವರು ಮೂರನೇ ಮಹಡಿಯ ಹಿರಿಯ ಒಮಾನಿ. ಇಸ್ತ್ರಿ ಮುರಿಯದ ಬಿಳಿ ದಿಶ್‌ದಾಶಾ, ತಲೆಗೆ ಕುಮ್ಮಾ. ಸಂಜೆಯ ನಮಾಜಿಗೆ ಹೊರಟಿದ್ದರು. ನಮ್ಮ ಚಿಗರಿಗೆ ಅವರನ್ನು ಕಂಡು ಅದೇನು ಖುಷಿಯಾಯಿತೋ, ನಾವು ಬೆಲ್ಟ್ ಎಳೆಯುವಷ್ಟರಲ್ಲಿ ಎರಡೂ ಮುಂಗಾಲು ಅವರ ಎದೆಯ ಮೇಲಿದ್ದವು. ಅವರು ಬೈಯಲಿಲ್ಲ. ಜೊಲ್ಲು ತಾಗಿದ ಬಟ್ಟೆ ನೋಡಿಕೊಂಡರು, ನಮ್ಮನ್ನು ನೋಡಿದರು, ಬಟ್ಟೆ ಬದಲಿಸಲು ಮತ್ತೆ ಮೇಲೆ ಹೋದರು. ಅವರು ನಾಲ್ಕು ಮಾತು ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಕಟ್ಟಡ ನೋಡಿಕೊಳ್ಳುವವರು ಬಾಗಿಲು ತಟ್ಟಿದರು. ದೂರು ಕೊಟ್ಟವರು ಆ ಹಿರಿಯರಲ್ಲ, ನೋಡಿದ ಬೇರೆ ಯಾರೋ. ಇನ್ನೊಂದು ದೂರು ಬಂದರೆ ನಾಯಿಯನ್ನು ಬಿಡಿ, ಇಲ್ಲವೇ ಮನೆ ಬಿಡಿ ಎಂದು ಹೇಳಿ ಹೋದರು.

ಚಿಗರಿ ಅಂಗಡಿಯಿಂದ ತಂದ ನಾಯಿಯಲ್ಲ. ಮಳೆ ಬಂದಾಗಷ್ಟೇ ಹರಿಯುವ ವಾದಿಗಳಲ್ಲಿ ಅಲೆಯುವ ನಾಯಿಗಳನ್ನು ಒಮಾನಿನಲ್ಲಿರುವ ನೀವೆಲ್ಲ ಕಂಡಿದ್ದೀರಿ. ಅಂಥದ್ದೊಂದು ವಾದಿಯ ಪಕ್ಕ ನಿಲ್ಲಿಸಿದ್ದ ಟ್ಯಾಂಕರಿನ ನೆರಳಲ್ಲಿ ಸಿಕ್ಕ ಮರಿ ಇದು. ಕಡ್ಡಿಯಂಥ ಕಾಲು, ಒಳಗೆ ಸೇರಿದ ಹೊಟ್ಟೆ, ಓಡಿದರೆ ಕಣ್ಣಿಗೆ ಸಿಗದು. ನಮ್ಮ ಕಡೆ ಜಿಂಕೆಗೆ ಚಿಗರಿ ಎನ್ನುತ್ತಾರೆ, ಅದೇ ಹೆಸರಾಯಿತು. ಅರಬರ ಬೇಟೆನಾಯಿ ಸಲೂಕಿಯ ರಕ್ತ ಸ್ವಲ್ಪ ಇರಬಹುದು ಎಂದರು ಪಶುವೈದ್ಯರು.

ನಮ್ಮ ಊರು ಮುಧೋಳದ ಹತ್ತಿರ. ಮುಧೋಳದ ನಾಯಿಯ ಬಗ್ಗೆ ಹೇಳಲು ಕುಳಿತರೆ ನಮ್ಮವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಘೋರ್ಪಡೆ ಅರಸರು ಸಾಕಿ ಹೆಸರು ತಂದುಕೊಟ್ಟ ತಳಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ತರಬೇತಿಗೆಂದು ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಊರಿಗೆ ಫೋನು ಮಾಡಿ ನಮ್ಮ ಕಷ್ಟ ಹೇಳಿಕೊಂಡಾಗ ಮಾವ ಕೇಳಿದ್ದು ಒಂದೇ ಮಾತು: "ಹೊಡದೀರೇನು?" ಹೊಡೆದಿಲ್ಲ, ಗದರಿಸಿದ್ದೇವೆ ಎಂದೆವು. "ಬ್ಯಾಟಿ ನಾಯಿಗೆ ಗದರಿಸೋದೂ ಒಂದೇ, ಹೊಡಿಯೋದೂ ಒಂದೇ. ಒಮ್ಮೆ ಮನಸಿಗಿ ಹಚ್ಚಿಕೊಂಡ್ರ ಮತ್ತ ಹತ್ರ ಬರಂಗಿಲ್ಲ ನೋಡ್ರಿ."

ಮಾವ ಹೇಳುವ ಮೊದಲೇ ಆಗಬಾರದ್ದು ಆಗಿಹೋಗಿತ್ತು. ಲಿಫ್ಟಿನ ಮುಂದೆ ನಿಲ್ಲಿಸಿ ದೊಡ್ಡ ದನಿಯಲ್ಲಿ "ನೋ" ಎಂದಿದ್ದೆವು. ಅವಳು ಅಲ್ಲೇ ಉಚ್ಚೆ ಹೊಯ್ದುಕೊಂಡು ಗೋಡೆಗೆ ಒತ್ತಿಕೊಂಡಳು. ಎರಡು ದಿನ ಸರಿಯಾಗಿ ತಿನ್ನಲಿಲ್ಲ. ಲಿಫ್ಟಿನೊಳಗೆ ಕಾಲಿಡಲೇ ಇಲ್ಲ. ಒಂದು ವಾರ ಐದು ಮಹಡಿ ಎತ್ತಿಕೊಂಡೇ ಇಳಿದೆವು, ಎತ್ತಿಕೊಂಡೇ ಹತ್ತಿದೆವು.

ಏನು ಕಲಿಸಬೇಕು ಎಂಬುದಕ್ಕೊಂದು ಪಟ್ಟಿ ಬೇಕಿತ್ತು. ಅಮೆರಿಕನ್ ಕೆನೆಲ್ ಕ್ಲಬ್ 1989ರಲ್ಲಿ ಆರಂಭಿಸಿದ 'ಕೆನೈನ್ ಗುಡ್ ಸಿಟಿಜನ್' ಎಂಬ ಪರೀಕ್ಷೆಯಿದೆ, ಒಳ್ಳೆಯ ನಡತೆಯ ಪರೀಕ್ಷೆ ಎನ್ನಿ. ಅದರಲ್ಲಿ ಹತ್ತು ಭಾಗ: ಅಪರಿಚಿತರು ಬಂದು ಮಾತಾಡಿಸಿದರೆ ಸುಮ್ಮನಿರುವುದು, ಮೈ ಸವರಿಸಿಕೊಳ್ಳುವುದು, ಬೆಲ್ಟ್ ಜಗ್ಗದೆ ನಡೆಯುವುದು, ಜನರ ನಡುವೆ ಹಾದುಹೋಗುವುದು, ಕರೆದರೆ ಬರುವುದು, ಇನ್ನೊಂದು ನಾಯಿ ಎದುರಾದರೆ ಮೇಲೆ ಬೀಳದಿರುವುದು, ಸದ್ದಿಗೆ ಬೆದರದಿರುವುದು ಹೀಗೆ. ಕೊನೆಯದ್ದು, ಯಜಮಾನ ಕಣ್ಮರೆಯಾದಾಗ ಬೇರೆಯವರ ಬಳಿ ಮೂರು ನಿಮಿಷ ಇರುವುದು. ಪರೀಕ್ಷೆ ನಡೆಯುವಾಗ ತಿನಿಸು ಕೊಡುವಂತಿಲ್ಲ. ಗುರುಗುಟ್ಟಿದರೆ, ಕಚ್ಚಲು ಹೋದರೆ ಹೊರಗೆ. ಯಜಮಾನನೂ ನಾಯಿಯನ್ನು ಸರಿಯಾಗಿ ನೋಡಿಕೊಳ್ಳುತ್ತೇನೆಂದು ಬರೆದುಕೊಡಬೇಕು. ಪ್ರಮಾಣಪತ್ರ ನಮಗೆ ಬೇಕಿರಲಿಲ್ಲ. ಪಟ್ಟಿಯನ್ನು ಮಾತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು.

ಆದರೆ ಮೊದಲೆರಡು ಭಾಗ ನಮ್ಮ ಕಟ್ಟಡಕ್ಕೆ ಹೊಂದುವುದಿಲ್ಲ. ಅಲ್ಲಿ ಅಪರಿಚಿತರು ನಾಯಿಯ ತಲೆ ಸವರುತ್ತಾರೆ, ಇಲ್ಲಿ ನೆರೆಯ ಅನೇಕರಿಗೆ ನಾಯಿ ಸೋಕುವುದೇ ಬೇಡ. ಅದು ಅವರ ನಂಬಿಕೆ, ಅವರ ನಾಡು. ಹಾಗಾಗಿ ಪಟ್ಟಿಯ ಮೇಲೆ ಪೆನ್ನಿನಿಂದ ತಿದ್ದಿದೆವು: ಜನ ಎದುರಾದರೆ ಕುಳಿತುಕೊಳ್ಳುವುದು, ಅವರು ದಾಟುವವರೆಗೆ ಏಳದಿರುವುದು.

ಪೆನ್ನು ಎಂದಾಗ ನೆನಪಾಯಿತು. ತರಬೇತುದಾರರು ಕ್ಲಿಕ್ಕರ್ ಎಂಬ ಪುಟ್ಟ ಡಬ್ಬಿ ಬಳಸುತ್ತಾರೆ. ನಾಯಿ ಸರಿಯಾದದ್ದನ್ನು ಮಾಡಿದ ಆ ಕ್ಷಣಕ್ಕೇ 'ಟಿಕ್', ಹಿಂದೆಯೇ ತಿನಿಸು. ಯಾವುದಕ್ಕೆ ತಿನಿಸು ಸಿಕ್ಕಿತೆಂದು ನಾಯಿಗೆ ಸ್ಪಷ್ಟವಾಗುತ್ತದೆ. ಆ ಡಬ್ಬಿಯ ಸದ್ದಿಗೇ ಚಿಗರಿ ಬೆಚ್ಚಿಬಿದ್ದಳು. ಆಸ್ಪತ್ರೆಯ ಕೋಟಿನ ಜೇಬಿನ ಬಾಲ್‌ಪೆನ್ನಿನ ಮೆತ್ತನೆಯ ಟಿಕ್ ಅವಳಿಗೆ ಒಗ್ಗಿತು. ಬೇಯಿಸಿದ ಕೋಳಿ, ಉಪ್ಪಿಲ್ಲದ್ದು, ಹೆಸರುಕಾಳಿನಷ್ಟು ಚೂರು. ಔಷಧಿ ಕೊಡುವವರ ಬುದ್ಧಿ ನಮ್ಮದು: ಒಂದೇ ಸಲ ಅರ್ಧ ಗಂಟೆ ಬೇಡ, ಮೂರು ಮೂರು ನಿಮಿಷದಂತೆ ದಿನಕ್ಕೆ ಐದು ಹೊತ್ತು. ಈಗಲೂ ಮನೆಯಲ್ಲಿ ಲೆಕ್ಕ ಬರೆಯಲು ಪೆನ್ನು ಒತ್ತಿದರೆ ಸಾಕು, ಅವಳು ಬಂದು ಕುಳಿತಿರುತ್ತಾಳೆ!

ಫಾರ್ಮಸಿಯವರಾಗಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ನಾಯಿ ಕುಂಟಿತು, ಮೈ ಬಿಸಿಯಾಯಿತು ಎಂದು ನಿಮ್ಮ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಮುರಿದು ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು, ಈರುಳ್ಳಿ ಕೂಡ ನಾಯಿಗೆ ಬೇಡ.

ಬೇಸಿಗೆಯಲ್ಲಿ ತರಬೇತಿಗೆ ಸಿಗುವ ಹೊತ್ತೇ ಸ್ವಲ್ಪ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಮನುಷ್ಯರಿಗೆ ಕಾನೂನಿದೆ. ನಾಯಿಗೆ ನಾವೇ ಕಾನೂನು. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅವಳ ಪಾದವೂ ಸುಡುತ್ತದೆ. ನಸುಕಿನಲ್ಲಿ ಇಳಿಯುತ್ತಿದ್ದೆವು. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಕಣ್ಣು ಮುಚ್ಚಿಕೊಂಡೇ ನಡೆದದ್ದುಂಟು.

ಜನರ ನಡುವೆ ನಡೆಯುವುದನ್ನು ಕಲಿಸಲು ಸಂಘದ ಗೆಳೆಯರು ಬಂದರು. ನಾಯಿ ಕಂಡರೆ ಕಾರಿನ ಮೇಲೆ ಹತ್ತುವ ಪುತ್ತೂರಿನ ಡ್ರೈವರ್ ಅಣ್ಣ ಎಲ್ಲರಿಗಿಂತ ಉಪಯೋಗಕ್ಕೆ ಬಂದರು. ನಿಜವಾಗಿ ಹೆದರಿದವರು ಹೇಗೆ ನಡೆಯುತ್ತಾರೆಂದು ಚಿಗರಿಗೆ ಗೊತ್ತಾಗಬೇಕಿತ್ತಲ್ಲ! ಮೊದಲು ಇಪ್ಪತ್ತು ಹೆಜ್ಜೆ ದೂರದಲ್ಲಿ, ತಿಂಗಳ ಮೇಲೆ ಮೂರು ಹೆಜ್ಜೆ ದೂರದಲ್ಲಿ ನಡೆದುಹೋದರು.

ಎಲ್ಲಕ್ಕಿಂತ ಕಾಡಿದ್ದು ಆ ಮೂರು ನಿಮಿಷ. ಒಮ್ಮೆ ಬಿಟ್ಟುಹೋದವರನ್ನು ಕಂಡ ನಾಯಿ ಇರಬೇಕು. ನಾವು ಬಾಗಿಲ ಹಿಂದೆ ಸರಿದರೆ ನಡುಗುತ್ತಿದ್ದಳು. ಐದು ಸೆಕೆಂಡಿನಿಂದ ಶುರುಮಾಡಿದೆವು. ಇದನ್ನು ಬಿಡುವಂತಿರಲಿಲ್ಲ, ಏಕೆಂದರೆ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟವರು ನಾಯಿಯನ್ನು ವಾದಿಯಲ್ಲೇ ಇಳಿಸಿ ಹೋದದ್ದನ್ನು ನಾವು ನೋಡಿದ್ದೇವೆ. ನಮ್ಮ ಸರದಿಯೂ ಒಂದು ದಿನ ಬರುತ್ತದೆ. ಆಗ ಮೈಕ್ರೋಚಿಪ್, ರೇಬೀಸ್ ಲಸಿಕೆಯ ದಾಖಲೆ, ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯಿಂದ ಮುಂಚಿತ ಅನುಮತಿ ಎಲ್ಲ ಬೇಕು. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಕಾಗದಪತ್ರ ಓಡಾಡಿ ಮಾಡಿಸಬಹುದು. ವಿಮಾನದ ಹೊಟ್ಟೆಯಲ್ಲಿ, ಪೆಟ್ಟಿಗೆಯೊಳಗೆ, ನಾವಿಲ್ಲದೆ ಕೂರುವುದು ಅವಳೇ ಮಾಡಬೇಕಾದ ಕೆಲಸ.

ಚಳಿ ಬಂದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಪರೀಕ್ಷೆ ಇಟ್ಟುಕೊಂಡೆವು. ಉಡುಪಿಯ ನರ್ಸ್ ಅಕ್ಕ ಕಾಗದ ಹಿಡಿದು ಪರೀಕ್ಷಕರಾದರು, ಬಹಳ ಕಟ್ಟುನಿಟ್ಟು. ಮಕ್ಕಳು ಸೂಪರ್‌ಮಾರ್ಕೆಟ್ಟಿನ ಟ್ರಾಲಿ ಗಡಗಡ ಎಳೆದರು. ಚಿಗರಿ ಕಿವಿ ನಿಮಿರಿಸಿದಳು, ಏಳಲಿಲ್ಲ. ಒಂಬತ್ತು ಪಾಸು. ಹತ್ತನೆಯದರಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡಿಗೆ ಊಳಿಟ್ಟಳು. "ಫೇಲ್" ಎಂದು ಬರೆದು ಅಕ್ಕ ಕಣ್ಣೊರೆಸಿಕೊಂಡರು. ಮೂರು ವಾರ ಬಿಟ್ಟು ಮತ್ತೆ ಬಂದರು. ಆ ದಿನ ನಾವು ಪಾರ್ಕಿಂಗಿನ ಕಂಬದ ಹಿಂದೆ ಗಡಿಯಾರ ನೋಡುತ್ತಾ ನಿಂತೆವು. ಮೂರು ನಿಮಿಷ ಮುಗಿದರೂ ಸದ್ದಿಲ್ಲ. ಹೋಗಿ ನೋಡಿದರೆ ಅಕ್ಕನ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿದ್ದಳು.

ಕಳೆದ ತಿಂಗಳು ಸಂಜೆ ಲಿಫ್ಟ್ ಬಾಗಿಲು ತೆರೆದಾಗ ಮತ್ತೆ ಆ ಹಿರಿಯರೇ ಎದುರಿಗಿದ್ದರು, ಮತ್ತೆ ಬಿಳಿ ದಿಶ್‌ದಾಶಾ. ನಾವು ಸಲಾಂ ಹೇಳುವ ಮೊದಲೇ ಚಿಗರಿ ಮೂಲೆಯಲ್ಲಿ ಕುಳಿತಳು. ಅವರು ಒಂದು ಕ್ಷಣ ತಡೆದರು. ಆಮೇಲೆ ಬಟ್ಟೆಯ ಅಂಚನ್ನು ಕೈಯಲ್ಲಿ ಹಿಡಿದು ಒಳಗೆ ಬಂದು ಎದುರಿನ ಮೂಲೆಯಲ್ಲಿ ನಿಂತರು. ನೆಲಮಹಡಿ ಬಂತು. ಇಳಿಯುವಾಗ ತಿರುಗಿ "ಶಾತಿರಾ" ಎಂದರು, ಜಾಣೆ ಎಂದು. ಚಿಗರಿ ಆಗಲೂ ನಮ್ಮ ಜೇಬಿನ ಪೆನ್ನನ್ನೇ ನೋಡುತ್ತಿದ್ದಳು.