ಜೋಡಿ ಚಕ್ರವೂ ಜೋಡೆತ್ತಿನಂತೆ: ಹಾಲಿನ ಗಾಡಿಯ ಟೈರ್ ಮತ್ತು ಡಿಸ್ಕ್



ಗಾಡಿಯ ಟೈರಿಗೂ ನಮಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ಕೆಚ್ಚಲಿನಿಂದ ಬರುವ ಹಾಲು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಅದನ್ನು ತಂಪು ಮಾಡುವವರೆಗೂ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಗಾಡಿ ದಾರಿಯಲ್ಲಿ ಎರಡು ಗಂಟೆ ನಿಂತರೆ ಬೆಳಗಿನ ಜಾವ ಎದ್ದು ಕರೆದ ಹಾಲು ಕೇಂದ್ರದಲ್ಲಿ ಕುದಿಸಿ ನೋಡುವಾಗ ಒಡೆಯಬಹುದು. ಈಗ ಹಲವು ಕಡೆ ಬಿ.ಎಂ.ಸಿ. ಘಟಕಗಳು ಬಂದು ಟ್ಯಾಂಕರ್‌ಗಳು ಓಡುತ್ತಿದ್ದರೂ, ಕ್ಯಾನ್ ಹೊತ್ತ ಆರು ಚಕ್ರದ ಗಾಡಿಗಳನ್ನೇ ನಂಬಿರುವ ಊರುಗಳು ಇನ್ನೂ ಇವೆ. ಸದಸ್ಯರಲ್ಲಿ ಕೆಲವರು, ಇಲ್ಲವೇ ಅವರ ಮಕ್ಕಳು, ಇಂತಹ ಗಾಡಿಗಳನ್ನು ಇಟ್ಟುಕೊಂಡಿದ್ದಾರೆ. ಮೇವು, ಹಿಂಡಿ ತರುವುದೂ ಇವುಗಳಲ್ಲಿಯೇ.

1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407 ಗಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುಂದೆ ಎರಡು, ಹಿಂದೆ ಪಕ್ಕಕ್ಕೆರಡರಂತೆ ನಾಲ್ಕು, ಒಟ್ಟು ಆರು ಟೈರು. ಸಾಮಾನ್ಯ ಅಳತೆ 7.50-16. ಇದರಲ್ಲಿ 40 ಲೀಟರಿನ ಐವತ್ತು ಕ್ಯಾನ್ ತುಂಬಿದರೆ 2,000 ಲೀಟರ್ ಆಯಿತು. ಹಾಲೊಂದರ ತೂಕವೇ ಸುಮಾರು 2,060 ಕಿಲೋ. ಕ್ಯಾನಿನ ತೂಕ ಬೇರೆ. ಈ ಭಾರದ ಹೆಚ್ಚಿನ ಪಾಲು ಹಿಂದಿನ ಜೋಡಿ ಚಕ್ರಗಳ ಮೇಲೆ ಬೀಳುತ್ತದೆ.

"ಒಂದು ಹೋದರೆ ಇನ್ನೊಂದು ಇದೆಯಲ್ಲ" ಎಂಬ ಧೈರ್ಯ ಹಲವು ಚಾಲಕರದು. ಇದು ತಪ್ಪು. ಜೋಡಿ ಟೈರುಗಳು ನೊಗಕ್ಕೆ ಹೂಡಿದ ಎತ್ತುಗಳ ಹಾಗೆ. ಒಂದು ಎತ್ತರ, ಒಂದು ಗಿಡ್ಡ ಆದರೆ ಎರಡೂ ಕೆಡುತ್ತವೆ. ಎರಡು ಟೈರುಗಳೂ ಒಂದೇ ಹಬ್ಬಿಗೆ ಬಿಗಿದಿರುವುದರಿಂದ ಒಂದೇ ಸಮನೆ ಸುತ್ತಲೇಬೇಕು. 7.50-16 ಟೈರಿನ ಸುತ್ತಳತೆ ಸುಮಾರು ಎರಡೂವರೆ ಮೀಟರ್. ಒಂದು ಕಿಲೋಮೀಟರಿಗೆ ಸುಮಾರು 400 ಸುತ್ತು. ಸುತ್ತಳತೆಯಲ್ಲಿ 25 ಮಿ.ಮೀ. ವ್ಯತ್ಯಾಸ ಇದ್ದರೆ ಕಿಲೋಮೀಟರಿಗೆ ಹತ್ತು ಮೀಟರ್, 80 ಕಿ.ಮೀ. ಮಾರ್ಗದಲ್ಲಿ 800 ಮೀಟರ್ ದೂರದಷ್ಟು ಉಜ್ಜಾಟ ಆಗುತ್ತದೆ. ಸವೆದ ಟೈರು ಇನ್ನಷ್ಟು ಸವೆಯುತ್ತದೆ, ದಪ್ಪನೆಯದು ಅತಿಭಾರ ಹೊತ್ತು ಕಾಯುತ್ತದೆ. ಒಂದರಲ್ಲಿ ಗಾಳಿ ಕಡಿಮೆಯಾದರೂ ಇದೇ ಕಥೆ.

ಟೈರುಗಳನ್ನು ಜೋಡಿ ಮಾಡುವುದು

ಗಾಡಿಯನ್ನು ಜಾಕಿಯ ಮೇಲೆ ಎತ್ತಿ, ಸಮನಾಗಿ ಗಾಳಿ ತುಂಬಿದ ಟೈರಿನ ಸುತ್ತ ಟೇಪು ಹಿಡಿದು ಅಳೆಯಿರಿ. ಈ ಅಳತೆಯ ಟೈರುಗಳಿಗೆ ಜೋಡಿಯೊಳಗಿನ ವ್ಯತ್ಯಾಸ ಸುತ್ತಳತೆಯಲ್ಲಿ 19 ಮಿ.ಮೀ., ಅಂದರೆ ಎತ್ತರದಲ್ಲಿ 6 ಮಿ.ಮೀ. ಮೀರಬಾರದು. ಈ ಮಿತಿಯೊಳಗೆ ವ್ಯತ್ಯಾಸ ಇದ್ದರೆ ಸಣ್ಣದನ್ನು ಒಳಗೆ, ದೊಡ್ಡದನ್ನು ಹೊರಗೆ ಹಾಕಿ. ರಸ್ತೆಯ ನಡುಭಾಗ ಉಬ್ಬಿರುವುದರಿಂದ ಒಳಟೈರಿಗೆ ಹೆಚ್ಚು ಭಾರ ಬೀಳುತ್ತದೆ. ನೈಲಾನ್ ಟೈರಿನ ಜೊತೆ ರೇಡಿಯಲ್ ಟೈರನ್ನು ಜೋಡಿ ಮಾಡಲೇಬೇಡಿ.

ಸ್ಥಾನ ಬದಲಾಯಿಸುವ ಕ್ರಮ

ಸುಮಾರು 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಟೈರುಗಳ ಸ್ಥಾನ ಬದಲಿಸುವುದು ಒಳ್ಳೆಯದು. ಬೆಳಿಗ್ಗೆ ಸಂಜೆ ಸೇರಿ ದಿನಕ್ಕೆ 160 ಕಿ.ಮೀ. ಓಡುವ ಗಾಡಿಗೆ ಇದು ಎರಡು ತಿಂಗಳಿಗೊಮ್ಮೆ ಬರುವ ಕೆಲಸ.

ಮುಂದೆ ಉದ್ದಗೆರೆಯ ಟೈರು, ಹಿಂದೆ ಕಟ್ಟೆ ಕಟ್ಟೆಯ ಟೈರು ಇದ್ದರೆ ಮುಂದಿನದನ್ನು ಹಿಂದಕ್ಕೆ ಹಾಕಬೇಡಿ. ಮುಂದಿನ ಎರಡನ್ನು ಎಡಬಲ ಬದಲಿಸಿ. ಹಿಂದಿನ ನಾಲ್ಕನ್ನೂ ಅಳೆದು, ಸಮನಾದವನ್ನು ಜೋಡಿ ಮಾಡಿ, ಎಡದ ಜೋಡಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದನ್ನು ಮೀರಬೇಡಿ.

ಆರೂ ಒಂದೇ ಬಗೆಯವಾಗಿದ್ದರೆ ಹೊಸ ಟೈರನ್ನು ಎರಡೆರಡಾಗಿ ಕೊಂಡು ಮುಂದೆ ಹಾಕಿ. ಮುಂದೆ ಇದ್ದ ಎರಡನ್ನು ಹಿಂದಕ್ಕೆ ಜೋಡಿಯಾಗಿಯೇ ಸಾಗಿಸಿ. ಒಂದೇ ಒಂದು ಹೊಸ ಟೈರನ್ನು ತಂದು ಸವೆದದ್ದರ ಪಕ್ಕದಲ್ಲಿ ಕೂರಿಸಬೇಡಿ. ರೀಟ್ರೆಡ್ ಮಾಡಿಸಿದ ಟೈರು ಮುಂದಿನ ಚಕ್ರಕ್ಕೆ ಬೇಡ. ಮುಂದಿನ ಟೈರು ಒಡೆದರೆ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಇಂತಹ ಗಾಡಿಯ ಟೈರಿನ ಗೆರೆ ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಮೊದಲು ಅಲೈನ್‌ಮೆಂಟ್ ಸರಿ ಮಾಡಿಸಿ. ಇಲ್ಲದಿದ್ದರೆ ಬದಲಿಸಿ ಹಾಕಿದ್ದೂ ಹಾಗೆಯೇ ಹಾಳಾಗುತ್ತದೆ.

ಡಿಸ್ಕ್ ಆರಿಸುವಾಗ

ಒಂದೇ ನಮೂನೆಯ ಡಿಸ್ಕನ್ನು ಮುಂದಿನ ಚಕ್ರಕ್ಕೂ, ಹಿಂದಿನ ಒಳಚಕ್ರಕ್ಕೂ, ಮಗುಚಿ ಹಾಕಿದರೆ ಹೊರಚಕ್ರಕ್ಕೂ ಬಳಸುವ ವ್ಯವಸ್ಥೆ ಇದೆ. ಒಂದು ಸ್ಟೆಪ್ನಿ ಎಲ್ಲಾ ಕಡೆಗೂ ಆಗುವುದು ಇದರಿಂದಲೇ. ಗುಜರಿಯಿಂದ ಬೇರೆ ಗಾಡಿಯ ಡಿಸ್ಕ್ ತಂದರೆ ಬೋಲ್ಟಿನ ತೂತು ಸರಿಹೊಂದಿದರೂ ಅದರ ತಗ್ಗು ಬೇರೆ ಇರಬಹುದು. ಆಗ ಎರಡು ಟೈರುಗಳ ನಡುವಿನ ಸಂದು ಕಿರಿದಾಗುತ್ತದೆ. ಹೊರೆ ಹೆಚ್ಚು ಹೊರಲೆಂದು ಅದೇ ಡಿಸ್ಕಿಗೆ ಅಗಲದ ಟೈರು ಹಾಕಿಸಿದರೂ ಹೀಗೆಯೇ. ಸಂದನ್ನು ಖಾಲಿ ಗಾಡಿಯಲ್ಲಿ ನೋಡಿದರೆ ಸಾಲದು. ಹೊರೆ ತುಂಬಿದಾಗ ನೆಲಕ್ಕೆ ತಾಗುವ ಕಡೆ ಟೈರಿನ ಪಕ್ಕೆಗಳು ಉಬ್ಬುತ್ತವೆ. ಅಲ್ಲಿ ಒಂದಕ್ಕೊಂದು ತಾಗಬಾರದು. ಬೋಲ್ಟ್ ತೂತಿನ ಸುತ್ತ ಬಿರುಕು ಕಂಡ ಡಿಸ್ಕಿಗೆ ವೆಲ್ಡಿಂಗ್ ಮಾಡಿಸಬೇಡಿ, ಬದಲಿಸಿ.

ಜೀವದ ಮಾತು

ಲಾಕ್ ರಿಂಗ್ ಇರುವ ಡಿಸ್ಕ್ ಆದರೆ ಹೆಚ್ಚು ಜಾಗ್ರತೆ ಬೇಕು. ಜೋಡಿ ಚಕ್ರದ ನಟ್ ಸಡಿಲಿಸುವ ಮೊದಲು ಎರಡೂ ಟೈರುಗಳ ಗಾಳಿ ಪೂರ್ತಿ ತೆಗೆಯಿರಿ. ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದಲ್ಲಿಟ್ಟು ದೂರ ನಿಲ್ಲಿ. ಸರಿಯಾಗಿ ಕೂರದ ರಿಂಗ್ ಸಿಡಿದರೆ ಎದುರಿಗೆ ನಿಂತವರು ಉಳಿಯುವುದು ಕಷ್ಟ. ನಟ್‌ಗಳನ್ನು ಎದುರುಬದುರಾಗಿ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ದಿನದ ಅಭ್ಯಾಸ

ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರು ತಣ್ಣಗಿರುವಾಗ, ಗೇಜಿನಿಂದ ಗಾಳಿ ನೋಡಿ. ರಾಡಿನಿಂದ ಬಡಿದು ಸದ್ದು ಕೇಳಿದರೆ ಸಾಲದು. ಒಳಟೈರನ್ನು ಮರೆಯಬೇಡಿ. ಕಣ್ಣಿಗೆ ಬೀಳದಿರುವುದರಿಂದ ಮೊದಲು ಕೆಡುವುದು ಅದೇ. ಅದರ ವಾಲ್ವಿಗೆ ಉದ್ದನೆಯ ಕೊಳವೆ ಹಾಕಿಸಿಕೊಂಡರೆ ಕೆಲಸ ಸುಲಭ. ಜೋಡಿಯ ಸಂದಿನಲ್ಲಿ ಕಲ್ಲು ಸಿಕ್ಕಿದ್ದರೆ ತೆಗೆಯಿರಿ. ಓಡಿ ಬಂದ ಟೈರಿನಲ್ಲಿ ಗಾಳಿ ಹೆಚ್ಚಿದೆ ಎಂದು ಬಿಡಬೇಡಿ, ಅದು ಕಾವಿನಿಂದ ಏರಿದ್ದು.

ನಿಮ್ಮ ಬಳಿ ಗಾಡಿ ಇಲ್ಲದಿರಬಹುದು. ಆದರೂ ಹಾಲು ತುಂಬಲು ಗಾಡಿ ಸಂಘದ ಮುಂದೆ ನಿಂತಾಗ ಹಿಂದಿನ ಒಳಟೈರಿನ ಕಡೆ ಒಮ್ಮೆ ಬಗ್ಗಿ ನೋಡಿ. ಸಪ್ಪಗಿದ್ದರೆ ಚಾಲಕರಿಗೆ ಹೇಳಿ. ಹಾಳಾದ ಹಾಲಿನ ನಷ್ಟವೂ, ಹೆಚ್ಚಿದ ಸಾಗಾಣಿಕೆ ವೆಚ್ಚವೂ ಕೊನೆಗೆ ಬಂದು ಸೇರುವುದು ನಮ್ಮೆಲ್ಲರ ಲೆಕ್ಕಕ್ಕೇ.